ಅರ್ಥ ಎಲ್ಲರೂ ಕೊಡುತ್ತಾರೆ, ತಾರೀಖು ಯಾರು ಕೊಡುತ್ತಾರೆ? ಇಂಗ್ಲಿಷ್ ಸ್ಲ್ಯಾಂಗ್ ನಿಘಂಟುಗಳನ್ನು ಬಳಸಿ ನೋಡಿದ್ದು

ಸಬ್‌ಟೈಟಲ್ ಬರೆಯುವುದು ನನ್ನ ಹೊಟ್ಟೆಪಾಡು. ಇಂಗ್ಲಿಷ್ ಧಾರಾವಾಹಿಯ ಮಾತನ್ನು ಕನ್ನಡಕ್ಕೆ ತಂದು ಪರದೆಯ ಅಡಿಯಲ್ಲಿ ಎರಡೇ ಸಾಲಿನಲ್ಲಿ ಕೂರಿಸಬೇಕು. ಅಡಿಟಿಪ್ಪಣಿ ಹಾಕುವಂತಿಲ್ಲ, ಕಂಸದಲ್ಲಿ ವಿವರಣೆ ಕೊಡುವಂತಿಲ್ಲ, ನೋಡುವವರು ನಿಲ್ಲಿಸಿ ಮತ್ತೊಮ್ಮೆ ಓದುತ್ತಾರೆಂದು ನಂಬುವಂತೆಯೂ ಇಲ್ಲ. ಈ ವಾರ ಕುದುರೆಗಾಡಿಯ ಕಾಲದ ಲಂಡನ್ ಬಂದರೆ ಮುಂದಿನ ವಾರ ಅದೇ ಲಂಡನ್ನಿನ ಹದಿನಾರು ವರ್ಷದ ಹುಡುಗರು ಬರುತ್ತಾರೆ. ಎರಡೂ ಇಂಗ್ಲಿಷೇ. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಮಾತ್ರ ಎರಡೂ ಕಡೆ ಕೈಕೊಡುತ್ತದೆ. ಹಾಗಾಗಿ ಸ್ಲ್ಯಾಂಗಿನ, ಅಂದರೆ ಬೀದಿಯ ಪೋಲಿ ಆಡುಮಾತಿನ, ನಿಘಂಟು, ಹಳೇ ನಿಘಂಟು ಎಲ್ಲವೂ ನನಗೆ ದಿನಬಳಕೆಯ ಸಾಮಾನು. ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಮೋಜಿಗೆ, ಯಾವುದನ್ನು ಮೂಗು ಮುಚ್ಚಿಕೊಂಡು ಬಳಸಬೇಕು ಎಂಬುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನನ್ನ ಮೊದಲ ಆಯ್ಕೆ ಗ್ರೀನ್ಸ್ ಡಿಕ್ಷನರಿ ಆಫ್ ಸ್ಲ್ಯಾಂಗ್. ಬ್ರಿಟನ್ನಿನ ಜೊನಾಥನ್ ಗ್ರೀನ್ ದಶಕಗಟ್ಟಲೆ ಕೂತು ಕಟ್ಟಿದ ಈ ನಿಘಂಟು 2010ರಲ್ಲಿ ಮೂರು ದಪ್ಪ ಸಂಪುಟಗಳಾಗಿ ಬಂತು. 2016ರಲ್ಲಿ ಆನ್‌ಲೈನ್ ಆಯಿತು. ಆರಂಭದಲ್ಲಿ ಪೂರ್ತಿ ನೋಡಲು ಚಂದಾ ಕಟ್ಟಬೇಕಿತ್ತು, ಈಗ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಒಂದು ಲಕ್ಷಕ್ಕೂ ಹೆಚ್ಚು ಮಾತುಗಳು, ಸುಮಾರು 500 ವರ್ಷದ ಹರವು. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ ಮಾತ್ರವಲ್ಲ, ಇಂಗ್ಲಿಷ್ ಆಡುವ ಬೇರೆ ನಾಡುಗಳೂ ಇದರೊಳಗಿವೆ.

ಆದರೆ ಸಂಖ್ಯೆ ನೋಡಿ ಮೆಚ್ಚಿದ್ದಲ್ಲ. ಒಂದು ಮಾತನ್ನು ಹುಡುಕಿದಾಗ ಅರ್ಥದ ಕೆಳಗೆ ಉಲ್ಲೇಖಗಳ ಸಾಲು ಬರುತ್ತದಲ್ಲ, ನನಗೆ ಬೇಕಾದದ್ದು ಅದು. ಯಾವ ವರ್ಷ, ಯಾವ ದೇಶ, ಯಾವ ಪುಸ್ತಕ ಅಥವಾ ಪತ್ರಿಕೆ, ಅಲ್ಲಿದ್ದ ವಾಕ್ಯ ಯಾವುದು, ಇಷ್ಟೂ ಕಾಲಾನುಕ್ರಮದಲ್ಲಿ ಸಾಲಾಗಿ ನಿಂತಿರುತ್ತವೆ. ಅರ್ಥ ಯಾರು ಬೇಕಾದರೂ ಕೊಡುತ್ತಾರೆ, ಗೂಗಲ್ ಮಾಡಿದರೆ ಅರೆಕ್ಷಣದಲ್ಲಿ ಸಿಗುತ್ತದೆ. ಈ ಮಾತನ್ನು ಯಾರು, ಯಾವಾಗ, ಯಾರ ಮುಂದೆ ಆಡುತ್ತಿದ್ದರು ಎಂದು ಹೇಳುವವರು ಕಡಿಮೆ. ಸಬ್‌ಟೈಟಲ್ ಬರೆಯುವವಳಿಗೆ ಅರ್ಥಕ್ಕಿಂತ ಅದೇ ಮುಖ್ಯ. ಒಂದು ಮಾತು ಆ ಕಾಲಕ್ಕೆ ಹೊಚ್ಚ ಹೊಸ ಪೋಲಿತನವೋ ಅಥವಾ ಅಜ್ಜಂದಿರೂ ಆಡಿ ಸವೆಸಿದ ಮಾತೋ ಗೊತ್ತಿಲ್ಲದಿದ್ದರೆ ಕನ್ನಡದಲ್ಲಿ ಯಾವ ದನಿ ಹಿಡಿಯಬೇಕೆಂಬುದೂ ಗೊತ್ತಾಗುವುದಿಲ್ಲ.

1811ರ ಲಂಡನ್ನಿನಲ್ಲಿ ನಡೆಯುವ ಕಥೆಯೊಂದರಲ್ಲಿ ಕಳ್ಳನೊಬ್ಬ ಪೊಲೀಸಿನವನನ್ನು 'ಪಿಗ್' ಎನ್ನುತ್ತಾನೆ. ನನ್ನ ಸಾಲನ್ನು ತಿದ್ದಲು ಕೂತವರೊಬ್ಬರು ಅಂಚಿನಲ್ಲಿ ಬರೆದರು: 'ಇದು 1960ರ ದಶಕದ ಅಮೆರಿಕದ ಬೈಗುಳ, ಆ ಕಾಲಕ್ಕೆ ಹೊಂದಲ್ಲ, ಚಿತ್ರಕಥೆಯವರ ತಪ್ಪು, ನಾವು ಮುಚ್ಚಿಹಾಕೋಣ.' ನಂಬುವಂಥ ಮಾತೇ. ವಿಯೆಟ್ನಾಂ ಯುದ್ಧದ ವಿರುದ್ಧದ ಮೆರವಣಿಗೆಗಳ ಕಾಲದಲ್ಲಿ ಆ ಬೈಗುಳ ಜಗತ್ತಿಗೆಲ್ಲ ಕೇಳಿಸಿದ್ದು ನಿಜ. ಆದರೆ 1811ರಲ್ಲಿ ಲಂಡನ್ನಿನಲ್ಲೇ ಅಚ್ಚಾದ ಸ್ಲ್ಯಾಂಗ್ ನಿಘಂಟಿನಲ್ಲಿ 'ಪಿಗ್' ಎಂದರೆ ಪೊಲೀಸ್ ಅಧಿಕಾರಿ ಎಂದು ನೇರವಾಗಿಯೇ ಇದೆ. 'ಚೈನಾ ಸ್ಟ್ರೀಟ್ ಪಿಗ್' ಎಂದರೆ ಬೋ ಸ್ಟ್ರೀಟ್ ಠಾಣೆಯವನು. ಜೊತೆಗೆ ಪಿಗ್ಗನ್ನು ಕೆಡವಿ ಓಟ ಕೀಳುವುದಕ್ಕೆ ಏನೆನ್ನುತ್ತಾರೆ ಎಂಬ ಉದಾಹರಣೆ ಬೇರೆ. ಗ್ರೀನ್ ತೋರಿಸುವುದು ಇಂಥದ್ದನ್ನು. ಸಾಲು ಉಳಿಯಿತು.

'ಕ್ರಿಬ್' ಕೂಡ ಹಾಗೇ. ಹಿಪ್‌ಹಾಪ್ ಹಾಡುಗಾರರು ತಮ್ಮ ಬಂಗಲೆ ತೋರಿಸುವಾಗ ಆಡುವ ಮಾತೆಂದು ಬಹಳ ಜನ ತಿಳಿದಿದ್ದಾರೆ. ಮನೆಗೆ ಕನ್ನ ಹಾಕುವುದನ್ನು 'ಕ್ರ್ಯಾಕ್ ಎ ಕ್ರಿಬ್' ಎನ್ನುತ್ತಿದ್ದರೆಂದು ಅದೇ 1811ರ ಪುಸ್ತಕದಲ್ಲಿದೆ. 'ಗ್ರಬ್' ಎಂದರೆ ಊಟ, ಇದು 17ನೇ ಶತಮಾನದಿಂದ ಇದೆ. 'ಹ್ಯಾಂಗ್ ಔಟ್' 1830ರ ದಶಕದಲ್ಲಿ ಡಿಕನ್ಸ್ ಪಾತ್ರದ ಬಾಯಲ್ಲಿ ಬರುತ್ತದೆ, ಆಗ ಅದಕ್ಕೆ ವಾಸ ಮಾಡುವುದು ಎಂಬ ಅರ್ಥ. ಹೀಗೆ ನೋಡುತ್ತಾ ಹೋದರೆ ಹೊಸತೆಂದುಕೊಂಡದ್ದೆಲ್ಲ ಹಳತು ಅನ್ನಿಸಿಬಿಡುತ್ತದೆ. ಆ ಅಮಲೂ ಒಳ್ಳೆಯದಲ್ಲ. ಮಾತಿನ ರೂಪ ಹಳೆಯದಾದರೂ ಅರ್ಥ ನಡುವೆ ಎರಡು ಸಲ ಹೊರಳಿರಬಹುದು. ಅದನ್ನೂ ತಾರೀಖಿನ ಸಾಲೇ ತೋರಿಸುತ್ತದೆ. ಒಂದೇ ಪದಕ್ಕೆ ಬೇರೆ ಬೇರೆ ಅರ್ಥಗಳು, ಪ್ರತಿಯೊಂದಕ್ಕೂ ಅದರದ್ದೇ ಆರಂಭದ ವರ್ಷ.

ಮೂಲ ಹೇಳುವ ವಿಷಯದಲ್ಲೂ ಗ್ರೀನ್ ನನಗೆ ಇಷ್ಟ. ಸ್ಲ್ಯಾಂಗಿನ ಮೂಲ ಎಂದರೆ ಕಟ್ಟುಕಥೆಗಳ ಸಂತೆ. ಸಿರಿವಂತ ಠೀವಿಗೆ 'ಪಾಶ್' ಎನ್ನುತ್ತಾರಲ್ಲ, ಅದರ ಕಥೆ ಯಾರಿಗೆ ಗೊತ್ತಿಲ್ಲ? ಇಂಡಿಯಾಕ್ಕೆ ಹಡಗಿನಲ್ಲಿ ಹೋಗುವ ದೊರೆಗಳು ಹೋಗುವಾಗ ಎಡಬದಿಯ, ಬರುವಾಗ ಬಲಬದಿಯ ಕೋಣೆ ಹಿಡಿಯುತ್ತಿದ್ದರಂತೆ, ಬಿಸಿಲು ತಪ್ಪಲಿ ಅಂತ. ಟಿಕೆಟ್ಟಿನ ಮೇಲೆ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ಮೊದಲಕ್ಷರಗಳ ಮುದ್ರೆ ಬೀಳುತ್ತಿತ್ತಂತೆ. ಅಂಥ ಮುದ್ರೆಯ ಟಿಕೆಟ್ ಒಂದೂ ಈವರೆಗೆ ಯಾರಿಗೂ ಸಿಕ್ಕಿಲ್ಲ. ಸಿಕ್ಕಿರುವುದು ಬೇರೆ: 19ನೇ ಶತಮಾನದಲ್ಲಿ 'ಪಾಶ್' ಎಂದರೆ ಚಿಲ್ಲರೆ ಕಾಸು, ಯುರೋಪಿನ ರೊಮಾ ಅಲೆಮಾರಿಗಳ ರೊಮಾನಿ ಭಾಷೆಯಲ್ಲಿ 'ಅರ್ಧ' ಎಂಬ ಅರ್ಥದ ಪದದಿಂದ ಬಂದದ್ದು. ಆಮೇಲೆ ಅದೇ ಶತಮಾನದ ಕೊನೆಯಲ್ಲಿ ಶೋಕಿಲಾಲನಿಗೂ ಆ ಹೆಸರು. ಪೊಲೀಸನಿಗೆ 'ಕಾಪ್' ಎನ್ನುವುದು 'ಕಾನ್‌ಸ್ಟೇಬಲ್ ಆನ್ ಪೆಟ್ರೋಲ್' ಎಂಬುದರ ಹ್ರಸ್ವರೂಪ ಎನ್ನುವವರೂ ಇದ್ದಾರೆ. ಅಲ್ಲ. 'ಕಾಪ್' ಎಂದರೆ ಹಿಡಿ, ಹಿಡಿಯುವವನು 'ಕಾಪರ್', ಅದನ್ನು ಮೊಟಕು ಮಾಡಿದರೆ ಮತ್ತೆ 'ಕಾಪ್'. ನನ್ನ ಅನುಭವದಲ್ಲಿ, ಒಂದು ಹಳೇ ಪೋಲಿ ಮಾತಿನ ಮೂಲ ಮೊದಲಕ್ಷರಗಳಲ್ಲಿದೆ ಎಂದು ಯಾರಾದರೂ ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ ಅದು ನಂತರ ಹೊಸೆದ ಕಥೆ.

ಹತ್ತನೆಯದು 'ಓಕೆ'. ಅದು ನಿಜವಾಗಿಯೂ ಮೊದಲಕ್ಷರಗಳಿಂದಲೇ ಬಂದದ್ದು, ಅದೂ ತಪ್ಪು ಕಾಗುಣಿತದ ಮೊದಲಕ್ಷರಗಳಿಂದ! 1830ರ ದಶಕದ ಬಾಸ್ಟನ್ ಪತ್ರಿಕೆಗಳಲ್ಲಿ ಪದಗಳನ್ನು ಬೇಕೆಂದೇ ತಪ್ಪಾಗಿ ಬರೆದು ಮೊದಲಕ್ಷರ ಮಾತ್ರ ಅಚ್ಚು ಹಾಕುವ ಹುಚ್ಚು ಇತ್ತು. 'ಆಲ್ ಕರೆಕ್ಟ್' ಎನ್ನುವುದು 'ಓಲ್ ಕೊರೆಕ್ಟ್' ಆಯಿತು. 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್‌ನಲ್ಲಿ ಅದು ಅಚ್ಚಾಗಿದೆ. ಇದನ್ನು ಹುಡುಕಿ ತೆಗೆದವರು ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು, 1960ರ ದಶಕದಲ್ಲಿ. ಆ ಹುಚ್ಚಿನಲ್ಲಿ ಹುಟ್ಟಿದ ಬೇರೆ ಹ್ರಸ್ವರೂಪಗಳು ಬಹುಪಾಲು ಸತ್ತವು. ಇದು ಬದುಕಲು ಚುನಾವಣೆಯೊಂದು ನೆರವಾಯಿತು. 1840ರಲ್ಲಿ ಅಮೆರಿಕದ ಅಧ್ಯಕ್ಷ ವ್ಯಾನ್ ಬ್ಯೂರನ್ ಬೆಂಬಲಿಗರು ಅವರ ಹುಟ್ಟೂರಿನ ಹೆಸರಿಟ್ಟು 'ಓಲ್ಡ್ ಕಿಂಡರ್‌ಹುಕ್' ಎಂದು ಕರೆದು ಅದೇ ಎರಡಕ್ಷರವನ್ನು ಘೋಷಣೆ ಮಾಡಿಕೊಂಡರು. ದಿನಪತ್ರಿಕೆಯ ಒಂದು ದಿನದ ಸಂಚಿಕೆಗೆ ಬೆರಳಿಟ್ಟು ತೋರಿಸುವುದಿದೆಯಲ್ಲ, ಅದನ್ನು ಕಂಡಮೇಲೆ 'ಅಂತೆ ಕಂತೆ' ವಿವರಣೆಗಳು ಬಾಯಿಗೆ ರುಚಿಸುವುದಿಲ್ಲ.

ಗ್ರೀನ್ ನಿಘಂಟಿನ ಕೊರತೆಗಳನ್ನೂ ಹೇಳಬೇಕು. ನುಡಿಗಟ್ಟುಗಳನ್ನು ಅದು ಒಂದು ಮುಖ್ಯ ಪದದ ಹೊಟ್ಟೆಯೊಳಗೆ ಇಡುತ್ತದೆ. ನಾಲ್ಕು ಪದದ ನುಡಿಗಟ್ಟಾದರೆ ಯಾವ ಪದದ ಅಡಿ ಅಡಗಿದೆ ಎಂದು ಊಹಿಸಬೇಕು. ಉಲ್ಲೇಖಗಳ ಮೂಲವನ್ನು ಮೊಟಕು ಮಾಡಿ ಬರೆದಿರುವುದರಿಂದ ಮೊದಮೊದಲು ಗೂಢಲಿಪಿ ಓದಿದ ಹಾಗಾಗುತ್ತದೆ. 'ಯುಕೆ ಅಂಡ್.' ಎಂದರೆ ಬ್ರಿಟನ್ನಿನ ಕಳ್ಳಕಾಕರ ಲೋಕದ ಮಾತು ಎಂದು ಅರ್ಥವಾದಮೇಲೆ ದಾರಿ ಸಲೀಸು. ಒಂದು ಬೈಗುಳ ಎಷ್ಟು ಕಟು, ಸ್ನೇಹದಲ್ಲಿ ಆಡಬಹುದೋ ಅಥವಾ ಹೊಡೆದಾಟಕ್ಕೆ ಕಾರಣವಾಗುತ್ತದೋ ಎಂಬುದನ್ನು ಉಲ್ಲೇಖಗಳನ್ನು ಓದಿಯೇ ಅಂದಾಜು ಮಾಡಬೇಕು. ನನ್ನ ಕೆಲಸಕ್ಕೆ ಇದು ದೊಡ್ಡ ತೊಡಕು. ಮತ್ತೆ, ಇವತ್ತು ಹುಟ್ಟಿದ ಮಾತು ಇಲ್ಲಿ ಬೇಗ ಸಿಗುವುದಿಲ್ಲ. ಸಾಕ್ಷಿ ಕೇಳುವ ನಿಘಂಟಿಗೆ ಅದು ಅನಿವಾರ್ಯ. ಅದಕ್ಕೆ ದೂರಿಲ್ಲ.

ಇನ್ನೊಂದು ದೂರಿದೆ, ಅದನ್ನು ಗ್ರೀನ್ ಒಬ್ಬರ ತಲೆಗೆ ಕಟ್ಟಲಾಗದು. ಐದು ಶತಮಾನದ ಸ್ಲ್ಯಾಂಗನ್ನು ಬರೆದಿಟ್ಟವರು ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಕುಡಿತ, ಕಳ್ಳತನ, ಹಾದರ, ಹೊಡೆದಾಟ ಇವುಗಳಿಗೆ ಸಾವಿರಗಟ್ಟಲೆ ಮಾತು. ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲಿ ತನ್ನ ಪತ್ರಿಕೆಯಲ್ಲಿ ಕುಡಿದವನನ್ನು ವರ್ಣಿಸುವ 200ಕ್ಕೂ ಹೆಚ್ಚು ಮಾತುಗಳ ಪಟ್ಟಿಯನ್ನೇ ಹಾಕಿದ್ದ. ಹೆಂಗಸಿನ ಮೈಯ ಒಂದೊಂದು ಭಾಗಕ್ಕೂ ಲೆಕ್ಕವಿಲ್ಲದಷ್ಟು ಹೆಸರು. ಆದರೆ ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಕಡೆ, ಹೆರಿಗೆ ಕೋಣೆಯಲ್ಲಿ ಹೆಂಗಸರು ಗಂಡಸರ ಬಗ್ಗೆ ಏನೇನು ಆಡಿಕೊಂಡಿರಬಹುದು? ಆಡಿಕೊಂಡಿರದೆ ಇರಲು ಸಾಧ್ಯವೇ ಇಲ್ಲ. ಕಿವಿಗೊಟ್ಟು ಬರೆದುಕೊಳ್ಳುವವರು ಅಲ್ಲಿ ಇರಲಿಲ್ಲ, ಅಷ್ಟೇ. ಹಳೇ ಕಾಲದ ಕಥೆಯಲ್ಲಿ ಹೆಂಗಸರ ಪಾತ್ರಕ್ಕೆ ಸಂಭಾಷಣೆ ಬರೆಯುವವರು ಇದೇ ಗಂಡಸರ ಪಟ್ಟಿಯಿಂದ ಮಾತು ಎತ್ತಿ ಅವರ ಬಾಯಿಗೆ ಹಾಕಿದಾಗ ನನಗೆ ಕಿರಿಕಿರಿಯಾಗುತ್ತದೆ.

ಅರ್ಬನ್ ಡಿಕ್ಷನರಿಗೆ ಬರೋಣ. ಇದು 1999ರಲ್ಲಿ ಆ್ಯರನ್ ಪೆಕಮ್ ಎಂಬ ಕ್ಯಾಲಿಫೋರ್ನಿಯಾದ ಕಾಲೇಜು ಹುಡುಗ ತಮಾಷೆಗೆಂದು ಶುರು ಮಾಡಿದ ತಾಣ. ಯಾರು ಬೇಕಾದರೂ ಅರ್ಥ ಬರೆಯಬಹುದು, ಉಳಿದವರು ಹೆಬ್ಬೆರಳು ಮೇಲೆ ಅಥವಾ ಕೆಳಗೆ ಮಾಡಿ ಮತ ಹಾಕಬಹುದು. ಅಲ್ಲಿ ಗೆಲ್ಲುವುದು ಸರಿಯಾದ ಅರ್ಥವಲ್ಲ, ನಗಿಸುವ ಅರ್ಥ. ತನ್ನ ಪ್ರೇಮಿಯ ಹೆಸರಿಗೆ 'ಜಗತ್ತಿನ ಅತ್ಯಂತ ಒಳ್ಳೆಯ ಹುಡುಗ' ಎಂದು ಅರ್ಥ ಬರೆದವರು, ಜಗಳವಾದಮೇಲೆ ಅದೇ ಹೆಸರಿಗೆ ಇನ್ನೊಂದು ಅರ್ಥ ಸೇರಿಸಿದವರು, ಎಲ್ಲರೂ ಅಲ್ಲಿದ್ದಾರೆ. ಎಲ್ಲೂ ಯಾರೂ ಆಡದ, ಯಾರೋ ಇಬ್ಬರು ರಾತ್ರಿ ಕೂತು ಹೊಸೆದ ಹೊಲಸು ಮಾತುಗಳೂ ರಾಶಿ ಬಿದ್ದಿವೆ. ಐಬಿಎಂ ಸಂಶೋಧಕರು ತಮ್ಮ ವಾಟ್ಸನ್ ಕಂಪ್ಯೂಟರಿಗೆ ಆಡುಮಾತು ಕಲಿಸಲು ಇಡೀ ಅರ್ಬನ್ ಡಿಕ್ಷನರಿಯನ್ನು ಉಣಿಸಿದ್ದರು. ಯಾವ ಮಾತನ್ನು ಎಲ್ಲಿ ಆಡಬಾರದೆಂಬುದು ಅದಕ್ಕೆ ತಿಳಿಯಲಿಲ್ಲ, ಸಂಶೋಧಕರಿಗೇ ಹೊಲಸು ಮಾತಿನಲ್ಲಿ ಉತ್ತರ ಕೊಟ್ಟಿತು. ಕೊನೆಗೆ ಉಣಿಸಿದ್ದನ್ನೆಲ್ಲ ಅದರ ನೆನಪಿನಿಂದ ಅಳಿಸಬೇಕಾಯಿತು. 2013ರಲ್ಲಿ ಇದು ಸುದ್ದಿಯಾಗಿತ್ತು. ವಾಟ್ಸನ್ ಬಗ್ಗೆ ನನಗೆ ಪೂರ್ತಿ ಸಹಾನುಭೂತಿಯಿದೆ.

ಹಾಗಂತ ಅದನ್ನು ಕಸದ ಬುಟ್ಟಿಗೆ ಹಾಕುವವಳಲ್ಲ ನಾನು. 2003ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನಲ್ಲಿ ಒಂದು ಹಾಡಿನ ಮೊಕದ್ದಮೆ ನಡೆಯಿತು. ತನ್ನ ಹಾಡಿಗೆ ಬೇರೆಯವರು ರ‍್ಯಾಪ್ ಸೇರಿಸಿದ್ದಾರೆ, ಆ ಮಾತುಗಳು ಮಾದಕವಸ್ತು ಮತ್ತು ಹಿಂಸೆಯನ್ನು ಸೂಚಿಸುತ್ತವೆ, ಅದರಿಂದ ತನ್ನ ಮರ್ಯಾದೆಗೆ ಕುಂದಾಗಿದೆ ಎಂದು ರಚನಕಾರನ ವಾದ. ನ್ಯಾಯಾಧೀಶರು ಆ ಸಾಲುಗಳನ್ನು ಕೇಳಿದರು, ಅರ್ಧಂಬರ್ಧ ಅರ್ಥವಾಯಿತು. ವ್ಯವಹಾರದ ಮಟ್ಟಿಗೆ ಇದೊಂದು ವಿದೇಶಿ ಭಾಷೆಯೇ ಸರಿ ಎಂಬ ಅರ್ಥದ ಮಾತನ್ನು ತೀರ್ಪಿನಲ್ಲೇ ಬರೆದರು. 'ಶಿಜಲ್ ಮೈ ನಿಜಲ್' ಎಂಬ ಮಾತಿಗೆ ಅರ್ಬನ್ ಡಿಕ್ಷನರಿಯಲ್ಲಿ ಸಿಕ್ಕ ಅರ್ಥಗಳೂ ತೀರ್ಪಿನಲ್ಲಿ ಪ್ರಸ್ತಾಪವಾದವು. ಯಾವುದರಲ್ಲೂ ಮಾದಕವಸ್ತುವಿನ ಸುಳಿವಿರಲಿಲ್ಲ. ಹೈಕೋರ್ಟು ಕೂಡ ಅಲ್ಲಿ ಇಣುಕಿ ನೋಡಿದಮೇಲೆ ನಾನು ನೋಡುವುದರಲ್ಲಿ ನಾಚಿಕೆಯೇನಿದೆ.

ಬಳಸುವ ಕ್ರಮ ಮಾತ್ರ ಬೇರೆ. ಮೊದಲ ಅರ್ಥವನ್ನು ನಾನು ನಂಬುವುದಿಲ್ಲ. ಏಳೆಂಟು ಜನ ಬರೆದದ್ದನ್ನು ಓದಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಒಂದೇ ಮಾತು ಹೇಳಿದ್ದಾರೋ ನೋಡುತ್ತೇನೆ. ಪ್ರತಿ ಅರ್ಥದ ಕೆಳಗೆ ಅದನ್ನು ಬರೆದ ದಿನಾಂಕ ಇರುತ್ತದೆ. ಹೆಚ್ಚಿನವರ ಕಣ್ಣು ಅದರ ಮೇಲೆ ಬೀಳುವುದೇ ಇಲ್ಲ, ನನಗೆ ಆ ತಾಣದಲ್ಲಿ ಅತ್ಯಂತ ಬೆಲೆಬಾಳುವುದು ಅದೇ. 2004ರಲ್ಲಿ ಒಬ್ಬ ಹೀಗೆ ಬರೆದಿದ್ದಾನೆ ಎಂದರೆ 2004ರಲ್ಲಿ ಆ ಮಾತು ಕಡೇಪಕ್ಷ ಒಬ್ಬನ ಬಾಯಲ್ಲಾದರೂ ಇತ್ತು. ಹದಿಹರೆಯದವರ ಕಥೆಗಳಿಗೆ ಇಷ್ಟು ಸಾಕಾಗುತ್ತದೆ, ಯಾಕೆಂದರೆ ಆ ಮಾತುಗಳನ್ನು ಬೇರೆ ಯಾರೂ ಇನ್ನೂ ದಾಖಲಿಸಿರುವುದಿಲ್ಲ.

ಇನ್ನು ಫ್ರಾನ್ಸಿಸ್ ಗ್ರೋಸ್. ನನ್ನ ಮುದ್ದಿನ ಪುಸ್ತಕ ಇದು, ಕೆಲಸಕ್ಕಿಂತ ಹೆಚ್ಚಾಗಿ ಖುಷಿಗೆ. ಗ್ರೋಸ್ 18ನೇ ಶತಮಾನದ ಪುರಾತತ್ವಪ್ರೇಮಿ, ಸೇನಾ ತುಕಡಿಯ ಕ್ಯಾಪ್ಟನ್, ಭಾರಿ ದಢೂತಿ, ಅಷ್ಟೇ ಮಾತುಗಾರ. ಸಹಾಯಕನನ್ನು ಕಟ್ಟಿಕೊಂಡು ರಾತ್ರಿ ಲಂಡನ್ನಿನ ಹೆಂಡದಂಗಡಿ, ಬಂದರುಕಟ್ಟೆ, ಕೊಳಕು ಗಲ್ಲಿಗಳನ್ನು ಸುತ್ತಿ ಮಾತು ಕಲೆಹಾಕಿದನೆಂದು ಹೇಳುತ್ತಾರೆ. 1785ರಲ್ಲಿ 'ಎ ಕ್ಲಾಸಿಕಲ್ ಡಿಕ್ಷನರಿ ಆಫ್ ದ ವಲ್ಗರ್ ಟಂಗ್' ಹೊರಬಂತು. ಆ ಹೊತ್ತಿಗೆ ಸ್ಯಾಮ್ಯುಯೆಲ್ ಜಾನ್ಸನ್ನನ ದೊಡ್ಡ ನಿಘಂಟು ಬಂದು 30 ವರ್ಷವಾಗಿತ್ತು. ಜಾನ್ಸನ್ ಮಡಿವಂತ. 'ಫನ್' ಎಂಬ ಪದವನ್ನು ಕೂಡ ಕೀಳು ಮಾತು ಎಂದು ಗುರುತು ಹಾಕಿಯೇ ಒಳಗೆ ಬಿಟ್ಟುಕೊಂಡ. ಮೋಸ ಮಾಡು ಎಂಬರ್ಥದ 'ಬ್ಯಾಂಬೂಜಲ್' ಶುದ್ಧ, ಗಂಭೀರ ಬರವಣಿಗೆಯಲ್ಲಿ ಬರುವಂಥದ್ದಲ್ಲ ಎಂದ. ಜಾನ್ಸನ್ ಬಾಗಿಲಲ್ಲೇ ತಡೆದವರನ್ನೆಲ್ಲ ಗ್ರೋಸ್ ಕೈಹಿಡಿದು ಒಳಗೆ ಕೂರಿಸಿದ.

ಈತನ ಅರ್ಥ ಹೇಳುವ ರೀತಿಯೇ ಒಂದು ಸೊಗಸು. ಚಹಾಕ್ಕೆ 'ಸ್ಕ್ಯಾಂಡಲ್ ಬ್ರಾತ್', ಅಂದರೆ ಚಾಡಿಯ ಸಾರು. ಚಹಾ ಕುಡಿಯುತ್ತಾ ಊರವರ ಸುದ್ದಿ ಆಡುತ್ತಾರಲ್ಲ, ಅದಕ್ಕೆ. ಬಾಯಿಗೆ 'ಬೋನ್ ಬಾಕ್ಸ್'. ಗಂಡನನ್ನು ಗಲ್ಲಿಗೇರಿಸಿದರೆ ಹೆಂಡತಿ 'ಹೆಂಪನ್ ವಿಡೋ', ಸೆಣಬಿನ ಹಗ್ಗದ ವಿಧವೆ. ಇಟ್ಟುಕೊಂಡವಳು 'ವೈಫ್ ಇನ್ ವಾಟರ್ ಕಲರ್ಸ್', ಜಲವರ್ಣದ ಹೆಂಡತಿ, ಒರೆಸಿದರೆ ಹೋಗುವ ಸಂಬಂಧ. ಕುಡಿದು ಎದುರಿಗೆ ಕೂತವನ ತೊಡೆಯ ಮೇಲೆ ವಾಂತಿ ಮಾಡುವವನಿಗೆ 'ಇಕ್ಕಟ್ಟು ಕಡಲಿನ ನೌಕಾಧಿಪತಿ' ಎಂಬ ಬಿರುದು. ಮೂರು 'ಇನ್'ಗಳ ಮಹನೀಯ ಅಂತ ಒಬ್ಬನಿದ್ದಾನೆ: ಸಾಲದಲ್ಲಿ, ಸೆರೆಮನೆಯಲ್ಲಿ, ಸಾಯುವವರೆಗೂ ಅಲ್ಲೇ ಉಳಿಯುವ ಅಪಾಯದಲ್ಲಿ ಇರುವವನು. ಮೂರು 'ಔಟ್'ಗಳವನಿಗೆ ಹಣವಿಲ್ಲ, ಬುದ್ಧಿಯಿಲ್ಲ, ನಡತೆಯಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಕಿಟಲ್ ಪಿಚರಿಂಗ್'. ಉದ್ದುದ್ದ ಕಥೆ ಹೇಳಿ ತಲೆ ತಿನ್ನುವವನನ್ನು ನಿಲ್ಲಿಸುವ ಉಪಾಯ ಅದು. ಕಥೆ ಶುರುವಾಗುತ್ತಲೇ ಒಂದು ಕೆಲಸಕ್ಕೆ ಬಾರದ ವಿವರದ ಬಗ್ಗೆ ತಕರಾರು ತೆಗೆಯಬೇಕು. ಅವನು ಅದನ್ನು ಸಾಧಿಸಿ ಮುಂದಕ್ಕೆ ಹೋದರೆ ಇನ್ನೊಂದು ತಕರಾರು. ಕೊನೆಗೂ ಮುಖ್ಯ ಕಥೆಗೆ ಬರಲು ಬಿಡಬಾರದು. ಇದಕ್ಕೆಂದೇ ಒಂದು ಹೆಸರಿಟ್ಟುಕೊಂಡಿದ್ದರೆಂದರೆ ಆ ಹೆಂಡದಂಗಡಿಗಳಲ್ಲಿ ಎಂಥೆಂಥ ಕೊರೆತ ಅನುಭವಿಸಿರಬೇಡ ಜನ!

ಗ್ರೋಸ್ ಓದುವವರಿಗೆ ಒಂದು ಎಚ್ಚರಿಕೆ. ಹಳೇ ಪುಸ್ತಕಗಳನ್ನು ಹಂಚುವ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುವುದು 1811ರ ಆವೃತ್ತಿ. ಗ್ರೋಸ್ ಸತ್ತದ್ದು 1791ರಲ್ಲಿ. ಅಂದರೆ ಆ ಪುಸ್ತಕದಲ್ಲಿರುವ ಎಷ್ಟೋ ಮಾತುಗಳು ಅವನು ಸೇರಿಸಿದವಲ್ಲ, ಬೇರೆಯವರು ಆಮೇಲೆ ತುಂಬಿದ್ದು. 'ಗ್ರೋಸ್ ಹೇಳುತ್ತಾನೆ' ಎಂದು ಉಲ್ಲೇಖಿಸುವ ಮೊದಲು 1785 ಮತ್ತು 1788ರ ಆವೃತ್ತಿಗಳ ಸ್ಕ್ಯಾನ್ ಪ್ರತಿ ತೆಗೆದು ನೋಡುವುದು ಒಳ್ಳೆಯದು. ಇನ್ನು, ಇದನ್ನು ಇಟ್ಟುಕೊಂಡು ಸಂಭಾಷಣೆ ಬರೆಯಹೊರಟರೆ ಪ್ರತಿ ಪಾತ್ರವೂ ಕೋಡಂಗಿಯಾಗುತ್ತದೆ. ನಿಜವಾದ ಕಳ್ಳ ಒಂದು ವಾಕ್ಯದಲ್ಲಿ ಏಳು ಸ್ಲ್ಯಾಂಗ್ ಮಾತು ಆಡಿರಲಾರ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. 1857ರಲ್ಲಿ ಯೋಚನೆ ಹುಟ್ಟಿ, 1884ರಲ್ಲಿ ಮೊದಲ ಕಂತು ಅಚ್ಚಾಗಿ, 1928ರಲ್ಲಿ ಮುಗಿಯಿತು. ಸಂಪಾದಕ ಜೇಮ್ಸ್ ಮರ್ರೆ ಅದನ್ನು ಕಾಣದೆ 1915ರಲ್ಲೇ ತೀರಿಕೊಂಡರು. ಉಲ್ಲೇಖಕ್ಕೆ ತಾರೀಖು ಕೊಡುವ ಪದ್ಧತಿಯನ್ನು ಗ್ರೀನ್ ಕಲಿತದ್ದು ಇದರಿಂದಲೇ ಎನ್ನಬೇಕು. 'ಓ ಮೈ ಗಾಡ್' ಎನ್ನುವ 'ಓಎಂಜಿ' ಮೊಬೈಲ್ ಕಾಲದ ಕೂಸಲ್ಲ, 1917ರಲ್ಲಿ ಬ್ರಿಟನ್ನಿನ ಅಡ್ಮಿರಲ್ ಫಿಶರ್ ಚರ್ಚಿಲ್ಲರಿಗೆ ಬರೆದ ಕಾಗದದಲ್ಲೇ ಇದೆ ಎಂದು ತಿಳಿದದ್ದು ಇದರಿಂದ. ಆಕ್ಸ್‌ಫರ್ಡಿನವರು 2024ರ ಪದವೆಂದು ಆರಿಸಿದ 'ಬ್ರೇನ್ ರಾಟ್', ಅಂದರೆ ಮಿದುಳಿನ ಕೊಳೆತ, ಅಮೆರಿಕದ ಲೇಖಕ ತೋರೋ 1854ರಲ್ಲೇ ಬಳಸಿದ್ದು. ಪೂರ್ತಿ ಓದಲು ಚಂದಾ ಬೇಕು, ಅದೊಂದೇ ತಕರಾರು. ಸ್ಲ್ಯಾಂಗಿಗೆ ಮಾತ್ರ ನಾನು ಮೊದಲು ಇದರ ಬಳಿ ಹೋಗುವುದಿಲ್ಲ. ಬೀದಿಯ ಮಾತು ಇಲ್ಲಿಗೆ ಬರುವಾಗ ಮುಖ ತೊಳೆದುಕೊಂಡು ಬಂದಿರುತ್ತದೆ.

ಆದರೆ ಹಳೇ ನಿಘಂಟುಗಳ ಒಂದು ಮೋಸವನ್ನು ಹಿಡಿಯಲು ಇದೇ ಬೇಕು. ಆರಂಭದ ಇಂಗ್ಲಿಷ್ ನಿಘಂಟುಗಳು ಕಷ್ಟದ ಪದಗಳಿಗಷ್ಟೇ ಮೀಸಲು. 1604ರ ರಾಬರ್ಟ್ ಕಾಡ್ರಿಯ ಪುಸ್ತಕದಲ್ಲಿ ಸುಮಾರು 2,500 ಪದ. ಆಮೇಲೆ ಬಂದವರು ಒಬ್ಬರಿಗಿಂತ ಒಬ್ಬರು ದೊಡ್ಡದು ಮಾಡಲು ಹೊರಟು ಲ್ಯಾಟಿನ್ ಪದಗಳಿಗೆ ಇಂಗ್ಲಿಷ್ ಬಾಲ ಹಚ್ಚಿ ಒಳಗೆ ತುಂಬಿದರು. 1623ರಲ್ಲಿ ಹೆನ್ರಿ ಕಾಕರಮ್ ಹೀಗೆ 'ಎಪ್ರಿಸಿಟಿ' ಎಂಬ ಪದ ಕೊಟ್ಟ: ಚಳಿಗಾಲದ ಬಿಸಿಲಿನ ಬೆಚ್ಚಗೆ. ಎಷ್ಟು ಚೆಂದದ ಅರ್ಥ! ಚಳಿಗಾಲ ಬಂತೆಂದರೆ 'ಮರೆತುಹೋದ ಸುಂದರ ಹಳೇ ಪದ' ಎಂದು ಫೋಟೋ ಜೊತೆ ಹರಿದಾಡುತ್ತದೆ. ಆದರೆ ಮರೆಯಲು ಅದನ್ನು ಯಾರಾದರೂ ಆಡಿರಬೇಕಲ್ಲ? ನಿಘಂಟಿನಿಂದ ನಿಘಂಟಿಗೆ ನಕಲಾದದ್ದು ಬಿಟ್ಟರೆ ಆ ಕಾಲದ ಜನ ಅದನ್ನು ಬಳಸಿದ್ದಕ್ಕೆ ಸಾಕ್ಷಿಯೇ ಇಲ್ಲವೆನ್ನುವಷ್ಟು ಕಡಿಮೆ. ಸ್ಲ್ಯಾಂಗಿನದು ಬಾಯಲ್ಲಿ ಬದುಕಿ ಪುಸ್ತಕಕ್ಕೆ ಬಾರದೆ ಸಾಯುವ ಜಾತಿ. ಇದು ಪುಸ್ತಕದಲ್ಲೇ ಹುಟ್ಟಿ ಬಾಯಿಗೆ ಬಾರದ ಜಾತಿ. ಕುದುರೆಗಾಡಿಯ ಕಾಲದ ಪಾತ್ರವೊಂದು 'ಎಪ್ರಿಸಿಟಿ' ಎಂದರೆ ಬರೆದವರು ಮೊಬೈಲಿನಲ್ಲಿ ಆ ಫೋಟೋ ನೋಡಿದ್ದಾರೆ ಎಂದೇ ಅರ್ಥ.

ವಿಕ್ಟೋರಿಯಾ ಕಾಲದ ಸ್ಲ್ಯಾಂಗ್ ಎಂದು ಹರಿದಾಡುವ ಪಟ್ಟಿಗಳನ್ನೂ ಹೀಗೇ ನೋಡಬೇಕು. ಸಾಸೇಜಿಗೆ 'ಬ್ಯಾಗ್ಸ್ ಓ ಮಿಸ್ಟರಿ', ಸದಾ ನಗುವ ಮುಖಕ್ಕೆ 'ಗಿಗಲ್‌ಮಗ್', ಮಂಕು ಕವಿದವನಿಗೆ 'ಗಾಟ್ ದ ಮಾರ್ಬ್ಸ್'. ಹೆಚ್ಚಿನವು 1909ರಲ್ಲಿ ಬಂದ ಜೇಮ್ಸ್ ರೆಡ್ಡಿಂಗ್ ವೇರ್ ಪುಸ್ತಕದಿಂದ ಎತ್ತಿದವು. ವೇರ್ ಸುಳ್ಳುಗಾರನೆಂದು ನಾನು ಹೇಳುತ್ತಿಲ್ಲ. ಒಂದು ನಾಟಕದ ತಂಡದಲ್ಲಿ, ಒಂದು ಬೀದಿಯಲ್ಲಿ, ಒಂದು ವರ್ಷ ಚಾಲ್ತಿಯಲ್ಲಿದ್ದದ್ದನ್ನೂ ಅವನು ಬರೆದುಕೊಂಡ. ಅದನ್ನು ಇಡೀ ರಾಣಿ ಕಾಲದ ಎಲ್ಲರ ಬಾಯಿಗೂ ಹಂಚುವುದು ನಮ್ಮ ಉತ್ಸಾಹ. ಗ್ರೀನ್ ನಿಘಂಟಿನಲ್ಲಿ ಇಂಥ ಮಾತನ್ನು ತೆರೆದು ನೋಡಿ. ಕೆಳಗೆ ಬೇರೆ ಬೇರೆ ಪತ್ರಿಕೆ, ಕಾದಂಬರಿ, ಕೋರ್ಟಿನ ದಾಖಲೆಗಳ ಸಾಲಿದ್ದರೆ ಧೈರ್ಯವಾಗಿ ಬಳಸಿ. ಒಂದೇ ಉಲ್ಲೇಖ ಇದ್ದು, ಅದೂ ಇನ್ನೊಂದು ನಿಘಂಟಿನದ್ದಾದರೆ ಸ್ವಲ್ಪ ತಡೆಯಿರಿ.

ದೊಡ್ಡವರ ನಿಘಂಟಿನಲ್ಲೂ ದೆವ್ವಗಳಿವೆ, ಅಂದರೆ ಇಲ್ಲದ ಪದಗಳು. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ 'ಡಾರ್ಡ್' ಎಂಬ ಪದ ಅಚ್ಚಾಯಿತು, ಅರ್ಥ: ಸಾಂದ್ರತೆ. ಸಾಂದ್ರತೆಯ ಇಂಗ್ಲಿಷ್ ಪದ 'ಡೆನ್ಸಿಟಿ'ಯ ಹ್ರಸ್ವರೂಪವಾದ 'ಡಿ' ಅಕ್ಷರವನ್ನು ದೊಡ್ಡದಾಗಿಯಾದರೂ ಬರೆಯಬಹುದು, ಚಿಕ್ಕದಾಗಿಯಾದರೂ ಬರೆಯಬಹುದು ಎಂದು ಹೇಳುವ 'ಡಿ ಆರ್ ಡಿ' ಎಂಬ ಚೀಟಿಯನ್ನು ಯಾರೋ ಒಂದೇ ಪದವೆಂದು ಓದಿಬಿಟ್ಟಿದ್ದರು. ಐದು ವರ್ಷ ಯಾರೂ ಗಮನಿಸಲಿಲ್ಲ. ಇದು ಕೈತಪ್ಪು. 'ಎಸ್ಕ್ವಿವೇಲಿಯೆನ್ಸ್' ಹಾಗಲ್ಲ, ಬೇಕೆಂದೇ ಇಟ್ಟದ್ದು. 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿಯಲ್ಲಿ ನಕಲು ಮಾಡುವವರನ್ನು ಹಿಡಿಯಲು ನೆಟ್ಟ ಸುಳ್ಳು ಪದ ಅದು. ಅದಕ್ಕೆ ಕೊಟ್ಟ ಅರ್ಥ, ತನ್ನ ಕರ್ತವ್ಯವನ್ನು ಬೇಕೆಂದೇ ತಪ್ಪಿಸಿಕೊಳ್ಳುವುದು! ಇಷ್ಟು ಉಪಯುಕ್ತವಾದ ಪದ ಸುಳ್ಳಾಗಿ ಹೋದದ್ದು ನನಗೆ ಬೇಸರ.

ಪ್ರಾಸದ ಸ್ಲ್ಯಾಂಗಿಗೆ ಒಂದು ಮಾತು ಸೇರಿಸದೆ ಇರಲಾರೆ, ನನ್ನ ಕೆಲಸದಲ್ಲಿ ಅತ್ಯಂತ ತಲೆನೋವು ಅದೇ. ಹೇಳಬೇಕಾದ ಪದದ ಬದಲು ಅದಕ್ಕೆ ಪ್ರಾಸವಾಗುವ ನುಡಿಗಟ್ಟು ಆಡುವುದು: 'ಡೆಡ್' ಎನ್ನಲು 'ಬ್ರೌನ್ ಬ್ರೆಡ್'. 'ಲುಕ್' ಎನ್ನಲು 'ಬುಚರ್ಸ್ ಹುಕ್', ಅದರಲ್ಲೂ ಪ್ರಾಸವಿರುವ ಪದವನ್ನೇ ಕಿತ್ತು ಬರೀ 'ಬುಚರ್ಸ್'. ತಲೆ ಓಡಿಸು ಎನ್ನಲು 'ಯೂಸ್ ಯುವರ್ ಲೋಫ್', ಏಕೆಂದರೆ 'ಲೋಫ್ ಆಫ್ ಬ್ರೆಡ್' ಎಂದರೆ 'ಹೆಡ್'. ಕೊಂಡಿ ಕಳಚಿದಮೇಲೆ ಅಗೆದರೂ ಮೂಲ ಸಿಗುವುದಿಲ್ಲ. ಲಂಡನ್ನಿನ ತಳ್ಳುಗಾಡಿ ವ್ಯಾಪಾರಿಗಳಿಗೆ ಪದವನ್ನು ಹಿಂದುಮುಂದು ಮಾಡುವ ಚಟವೂ ಇತ್ತು. 'ಬಾಯ್' ತಿರುಗಿ 'ಯಾಬ್' ಆಯಿತು, ಈಗಲೂ ಪುಂಡ ಹುಡುಗನಿಗೆ ಅದೇ ಹೆಸರು. ಜಾನ್ ಕ್ಯಾಮ್ಡನ್ ಹಾಟನ್ 1859ರಲ್ಲೇ ಈ ಎರಡು ಬಗೆಯನ್ನೂ ದಾಖಲಿಸಿದ್ದ. ಗ್ರೀನ್ ಇಲ್ಲಿ ಕಳಚಿದ ಕೊಂಡಿಯನ್ನು ಜೋಡಿಸಿ ತೋರಿಸುತ್ತಾರೆ. ಆಮೇಲೆ ಅದನ್ನು ಕನ್ನಡದಲ್ಲಿ ಏನು ಮಾಡುವುದು ಎಂಬುದಕ್ಕೆ ಯಾವ ನಿಘಂಟೂ ಹೊಣೆಯಲ್ಲ. ನಾನಂತೂ ಪ್ರಾಸವನ್ನು ಬಿಟ್ಟು ದನಿಯನ್ನು ಹಿಡಿಯುತ್ತೇನೆ.

ಅಂಕ ಕೊಡಲೇಬೇಕೆಂದರೆ ಗ್ರೀನ್‌ಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಳೆದದ್ದು ಆ ನುಡಿಗಟ್ಟುಗಳನ್ನು ಹುಡುಕುವ ಪಾಡಿಗೆ. ಅರ್ಬನ್ ಡಿಕ್ಷನರಿಗೆ ಎರಡು, ದಿನಾಂಕ ನೋಡಿ ಬಳಸುವವರಿಗೆ ಮೂರು. ಗ್ರೋಸ್‌ಗೆ ಅಂಕ ಕೊಡುವಷ್ಟು ದೊಡ್ಡವಳಲ್ಲ ನಾನು. ಮೂರು ಸಂಪುಟದ ಗ್ರೀನ್ ಪುಸ್ತಕ ಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಕಪಾಟಿಗೆ ಶೋಭೆ ಬೇಕಿದ್ದರೆ ಕೊಳ್ಳಿ, ಆದರೆ ಅದು 2010ಕ್ಕೇ ನಿಂತುಹೋಗಿದೆ. ಆನ್‌ಲೈನಿನದ್ದನ್ನು ಗ್ರೀನ್ ಈಗಲೂ ತಿದ್ದುತ್ತಲೇ ಇದ್ದಾರೆ, ಇನ್ನೂ ಹಳೆಯ ಉಲ್ಲೇಖ ಸಿಕ್ಕಿದಾಗೆಲ್ಲ ಮೊದಲ ಬಳಕೆಯ ವರ್ಷ ಹಿಂದಕ್ಕೆ ಸರಿಯುತ್ತದೆ. ನನ್ನ ಟಿಪ್ಪಣಿಗಳಲ್ಲಿ ವರ್ಷದ ಪಕ್ಕ ನಾನು ನೋಡಿದ ದಿನವನ್ನೂ ಬರೆದಿಡುತ್ತೇನೆ. ನೀವೂ ಹಾಗೆ ಮಾಡಿದರೆ ತಿದ್ದುವವರ ಜೊತೆ ವಾದ ಮಾಡಲು ಅನುಕೂಲ.